ಎಡಗಡೆ ಸ್ಪೀಕರ್

ಜೋಡಿಗೆ ಸಾವಿರದ ಇನ್ನೂರು, ವೈರಿಗೆ ಬೇರೆ, ಕರಿ ಟೇಪಿಗೆ ಬೇರೆ, ಇನ್ನು ಈ ಬಿಸಿಲಲ್ಲಿ ಕೂತು ಇವರಿಗೆ ತಲೆನೋವು ಬಂದರೆ ಅದರ ಲೆಕ್ಕ ಬೇರೆ — ಎಂಥ ಬಿಸಿಲು, ಕಾರಿನ ಗಾಜಿಗೆ ಬಿದ್ದು ಎದುರು ಮನೆ ಗೋಡೆಗೆ ಹಾರುತ್ತಿದೆ, ಇವರು ಬಾಗಿಲು ಅಲ್ಲಾಡಿಸಿದಾಗೆಲ್ಲ ಆ ಹೊಳಪು ಗೋಡೆ ಮೇಲೆ ಹತ್ತಿ ಇಳಿಯುತ್ತಿದೆ, ಭಾನುವಾರ ಅಂತ ಬೀದಿಯಲ್ಲಿ ಯಾರೂ ಇಲ್ಲ, ಇದ್ದಿದ್ದರೆ ಕೇಳುತ್ತಿದ್ದರು, ಏನ್ ಸ್ವಾಮಣ್ಣ, ಕಾರ್ ಬಿಚ್ಚಾಕ್ಕೊಂಡು ಕೂತಿದ್ದೀಯಲ್ಲ, ತೂಕಕ್ಕೆ ಮಾರ್ತೀಯಾ ಅಂತ. ಹಳೇ ಸ್ಪೀಕರಿಗೆ ಏನಾಗಿದೆ ಅಂತ ನನಗಂತೂ ಗೊತ್ತಾಗಲಿಲ್ಲ. ಕಾರಿನ ಜೊತೆಗೇ ಕಂಪನಿಯಿಂದ ಬಂದದ್ದು, ಹಾಡುತ್ತಿತ್ತು, ನನಗೆ ಕೇಳುತ್ತಿತ್ತು, ಇನ್ನೇನು ಬೇಕು. ಇವರಿಗೆ ಮಾತ್ರ ಎಡಗಡೆಯದು ಬರುವುದಿಲ್ಲ. ಎಡಗಡೇದು ಬರ್ತಿಲ್ಲ ಕಣೇ ಮಂಗಳಾ, ಬರೀ ಬಲಗಡೆ ಹಾಡ್ತದೆ, ಒಂದ್ ಕಾಲಲ್ಲಿ ಕುಂಟ್ಕೊಂಡು ಓಗೋ ಥರ ಕೇಳಿಸ್ತದೆ — ದೀಪಾವಳಿಯಿಂದ ಇದೇ ಮಾತು. ಬಸ್ ಸ್ಟ್ಯಾಂಡಿನ ಹಿಂದೆ ಕಾರಿನ ಡೆಕ್ಕು ರಿಪೇರಿ ಮಾಡುವ ಮಂಟೇಸ್ವಾಮಿ ಹತ್ತಿರ ತೋರಿಸಿದರು, ಅವನು ಕ್ಯಾಸೆಟ್ ಹಾಕಿ, ಬಗ್ಗಿ ಕೇಳಿ, ಸರಿಯಾಗೇ ಐತಲ್ಲ ಸಾ ಅಂದ. ಇವರಿಗೆ ಸಿಟ್ಟು ಬಂತು, ನಿಂಗೆ ಕೇಳಕ್ಕೆ ಬರಲ್ಲ ಬುಡು ಅಂದರು. ಅವನು ವ್ಯಾಪಾರಸ್ಥ, ಹಂಗಾದ್ರೆ ಹೊಸದು ಹಾಕ್ಕೊಳಿ ಸಾ, ಒಳ್ಳೆ ಮಾಲು ಬಂದದೆ ಅಂದ. ಹಾಕುವ ಕೂಲಿ ಬೇಡ, ನಾನೇ ಹಾಕ್ಕತೀನಿ, ಮಿಲ್ಲಲ್ಲಿ ಮಿಷಿನ್ನೇ ಬಿಚ್ಚಿ ಕಟ್ಟಿದೋನಿಗೆ ಇದೊಂದು ದೊಡ್ಡದಾ — ಅಲ್ಲಿಗೆ ಈ ಭಾನುವಾರ ಬಿಸಿಲಲ್ಲಿ ನಾನೂ ನಿಂತೆ.

ದೊಡ್ಡದೇ ಆಯಿತು. ಗಾಜು ಏರಿಸುವ ಹಿಡಿ ಕಳಚದೆ ಬಾಗಿಲ ಒಳಗಿನ ಹಲಗೆ ಬರುವುದಿಲ್ಲ, ಹಿಡಿಗೆ ಸ್ಕ್ರೂ ಕಾಣುವುದಿಲ್ಲ, ಇವರು ಸ್ಕ್ರೂಡ್ರೈವರ್ ತೂರಿಸಿ ತಿವಿಯುತ್ತಿದ್ದರು, ತಡೀರಿ ಸೀಳಿಹೋಗ್ತದೆ ಅಂದೆ, ಬಗ್ಗಿ ನೋಡಿದೆ, ಹಿಡಿಯ ಹಿಂದೆ ಒಂದು ತಂತಿ ಕಚ್ಚಿಕೊಂಡಿದೆ, ರವಿಕೆಯ ಹುಕ್ಕಿನ ಥರ, ಹುಕ್ಕನ್ನು ಯಾರಾದರೂ ತಿವಿದು ತೆಗೆಯುತ್ತಾರಾ, ಒಳಗೆ ಹೋಗಿ ಅಸ್ತರ್ ಬಟ್ಟೆಯ ಪಟ್ಟಿ ತಂದು ಹಿಡಿಯ ಸಂದಿಗೆ ತೂರಿಸಿ ಎರಡೂ ತುದಿ ಹಿಡಿದು ಅತ್ತ ಇತ್ತ ಎಳೆದೆ, ಟಣ್ಣಂತ ಹಾರಿ ನನ್ನ ಕಾಲ ಬಳಿ ಬಿತ್ತು. ಇವರು ನಕ್ಕರು. ಮಿಲ್ಗೆ ನೀನೇ ಸೇರ್ಬೇಕಾಗಿತ್ತು ಕಣೇ ಅಂದರು. ನಕ್ಕಾಗ ಚೆನ್ನಾಗಿ ಕಾಣುತ್ತಾರೆ, ಈಗಲೂ. ಈ ನಾಲ್ಕೈದು ತಿಂಗಳೂ ನಗುತ್ತಲೇ ಇದ್ದಾರೆ, ಮನೆಯಲ್ಲಿ ಕೂಸು ಇದೆಯಲ್ಲ. ನಾಳೆ ಹೋಗುತ್ತದೆ. ನಾಳೆ ಸೋಮವಾರ, ಬೆಳಿಗ್ಗೆ ಮಗಳು ಶ್ವೇತ ಕೂಸನ್ನು ಎತ್ತಿಕೊಂಡು ಟಿ. ನರಸೀಪುರಕ್ಕೆ ಗಂಡನ ಮನೆಗೆ ಹೊರಡಬೇಕು, ಐದನೇ ತಿಂಗಳಲ್ಲಿ ಕಳಿಸುವುದು ಪದ್ಧತಿ, ತಪ್ಪಿದರೆ ಏಳಕ್ಕೆ ಹೋಗುತ್ತದೆ, ಅಷ್ಟು ದಿನ ಅವಳ ಅತ್ತೆ ಸುಮ್ಮನಿರುವುದಿಲ್ಲ. ನಾನೇ ವ್ಯಾನ್ ಮಾಡ್ಕೊಂಡು ಬತ್ತೀನಿ ಮಾವ ಅಂದಿದ್ದ ಅಳಿಯ ರುದ್ರೇಶ, ಇವರು ಬಿಡಲಿಲ್ಲ, ಏನಪ್ಪಾ, ನಮ್ಮನೇಲಿ ಕಾರಿಲ್ವಾ, ನನ್ ಮೊಮ್ಮಗಳನ್ನ ನಾನೇ ತಂದು ನಿಮ್ ಬಾಗ್ಲಲ್ಲಿ ಇಳಿಸ್ತೀನಿ, ಹಾಡು ಕೇಳಿಸ್ಕೊಂಡು ಬತ್ತಳೆ ನೋಡ್ತಿರು. ಆ ಹಾಡಿಗೋಸ್ಕರ ಈ ಸ್ಪೀಕರ್. ಮಾದಪ್ಪನ ಪದದ ಹೊಸ ಕ್ಯಾಸೆಟ್ಟೂ ತಂದಿಟ್ಟಿದ್ದಾರೆ.

ಡ್ರೈವಿಂಗ್ ಚೆನ್ನಾಗೇ ಮಾಡುತ್ತಾರೆ, ಅದರಲ್ಲಿ ಸಂಶಯವಿಲ್ಲ, ನಿಧಾನ, ಕುಡಿಯುವುದಿಲ್ಲ, ಗಾಡಿಗೆ ಪೂಜೆ ಮಾಡದೆ ಕೀಲಿ ಹಾಕುವುದಿಲ್ಲ — ಆದರೆ ಮೊನ್ನೆ ಸುತ್ತೂರು ದಾಟಿದ ಮೇಲೆ ಆದದ್ದು. ಯಾಕೆ ಅದು ಈಗ ನೆನಪಿಗೆ ಬರುತ್ತದೆ. ಬೀಗರಿಗೆ ಹೊರಡುವ ದಿನ ತಿಳಿಸಿ ವಾಪಸು ಬರುತ್ತಿದ್ದೆವು, ಕಬ್ಬಿನ ಗದ್ದೆ ಎರಡೂ ಕಡೆ, ಎಳನೀರು ಕಂಡಿತು ಅಂತ ಇವರು ಎಡಕ್ಕೆ ಎಳೆದರು, ಎಡಗಡೆಯಿಂದ ಬರುತ್ತಿದ್ದ ಸ್ಕೂಟರಿನವನು ಗದ್ದೆಗೆ ಇಳಿದುಬಿಟ್ಟ, ಏನೂ ಆಗಲಿಲ್ಲ, ಮೊಣಕೈ ತರಚಿತ್ತು ಅಷ್ಟೆ, ಎದ್ದು ಬಂದು ಕೂಗಾಡಿದ, ಅಷ್ಟೊತ್ತಿಂದ ಆರನ್ ಬಡೀತಿವ್ನಿ, ಕಿವಿ ಏನ್ ಮನೇಲಿಟ್ಟು ಬಂದಿದ್ದೀರಾ ಯಜಮಾನ್ರೇ ಅಂದ. ಇವರು, ಆರನ್ ಎಲ್ಲಪ್ಪ ಮಾಡ್ದೆ ಅಂದರು. ಅವನು ನನ್ನ ಮುಖ ನೋಡಿದ, ನೀವೇ ಹೇಳಿ ತಾಯಿ ಅಂದ. ನನಗೆ ಹಾರ್ನ್ ಕೇಳಿಸಿತ್ತು. ಪೀಂ ಪೀಂ ಅಂತ ನನ್ನ ಕಿಟಕಿಯ ಹತ್ತಿರವೇ. ನಾನು ಅಂದುಕೊಂಡೆ ಇವರಿಗೂ ಕೇಳಿಸಿದೆ, ಜಗಳಕ್ಕೆ ಇಲ್ಲ ಅನ್ನುತ್ತಿದ್ದಾರೆ, ಗಂಡಸರು ರಸ್ತೆಯಲ್ಲಿ ಹಂಗೇ ಅಲ್ಲವಾ. ಹೋಗ್ಲಿ ಬುಡಪ್ಪ, ದೊಡ್ಡೋರು, ಎಳನೀರು ಕುಡಿ ಬಾ ಅಂತ ಕರೆದು ಅವನಿಗೂ ಒಂದು ಕೆತ್ತಿಸಿಕೊಟ್ಟೆ. ಅವನು ಕುಡಿದ, ತಣ್ಣಗಾದ, ಹೋದ. ಅಲ್ಲಿಗೆ ಮುಗೀತು ಅಂದುಕೊಂಡಿದ್ದೆ, ಮುಗಿದಿಲ್ಲ, ಈಗ ಎದ್ದು ಬರುತ್ತಿದೆ.

ಹಳೆಯದನ್ನು ಬಿಚ್ಚಿ ನೆಲದ ಮೇಲಿಟ್ಟಿದ್ದಾರೆ, ಎರಡೂ ಅಂಗಾತ ಬಿದ್ದಿವೆ, ಕಾಗದದ ಬಟ್ಟಲಲ್ಲಿ ಧೂಳು. ಹೊಸ ಜೋಡಿ ಕೂರಿಸಿ ಕ್ಯಾಸೆಟ್ ಹಾಕಿದರು, ಶುರುವಾಯಿತು, ಅಬ್ಬಾ, ತಂಬೂರಿ ಪಕ್ಕದಲ್ಲೇ ಕೂತು ಮೀಟಿದ ಹಾಗೆ, ನಾನು ಎಡಗಡೆ ಬಾಗಿಲ ಹತ್ತಿರವೇ ನಿಂತಿದ್ದೆ, ಎದೆಗೆ ಬಡಿಯಿತು, ಚೆನ್ನಾಗದೆ ಕಣ್ರೀ ಅನ್ನುವುದಕ್ಕೆ ಬಾಯಿ ತೆಗೆದೆ, ಅಷ್ಟರಲ್ಲಿ ಇವರು ಸ್ಟೀರಿಂಗ್ ಮುಂದೆ ಕೂತು ತಲೆ ಅಲ್ಲಾಡಿಸುತ್ತಿದ್ದಾರೆ, ಇಲ್ಲ ಕಣೇ. ಇದೂ ಬರ್ತಿಲ್ಲ. ಎಡಗಡೆ ಸತ್ತೋಗದೆ. ತಮಾಷೆ ಮಾಡುತ್ತಿದ್ದಾರಾ ಅಂತ ಮುಖ ನೋಡಿದೆ, ತಮಾಷೆಯಲ್ಲ, ಹುಬ್ಬು ಗಂಟಾಗಿದೆ, ಮಂಟೇಸ್ವಾಮಿಗೆ ಬೈಯುತ್ತಿದ್ದಾರೆ, ಒಂದ್ ಒಳ್ಳೇದು ಒಂದ್ ಕೆಟ್ಟಿದ್ದು ಸೇರ್ಸಿ ಜೋಡಿ ಅಂತ ಕೊಟ್ಬುಟ್ಟವ್ನೆ ನನ್ ಮಗ. ಎರಡನ್ನೂ ಬಿಚ್ಚಿದರು, ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ, ಮತ್ತೆ ಹಾಕಿದರು. ಮತ್ತೆ ಎಡಗಡೆ ಸತ್ತಿದೆ. ಈಗ ವೈರಿನ ಮೇಲೆ ಅನುಮಾನ, ವೈರು ಬದಲಿಸಿದರು, ಸೀಟಿನ ಕೆಳಗಿನಿಂದ ಎಳೆದು ತಂದರು, ಬೆವರು ಮೂಗಿನ ತುದಿಯಲ್ಲಿ ನಿಂತಿದೆ, ನಾನು ಸೆರಗು ಕೊಟ್ಟರೆ ಒರೆಸಿಕೊಂಡರು, ಮತ್ತೆ ಹಾಕಿದರು, ಮತ್ತೆ ಇಲ್ಲ. ಪ್ರತಿ ಸಲವೂ ನನಗೆ ಕೇಳುತ್ತಿದೆ. ಪ್ರತಿ ಸಲವೂ ಹೇಳಬೇಕು ಅಂದುಕೊಂಡು ನುಂಗಿದೆ.

ಆಮೇಲೆ ಆ ಸೆಲ್ಲು. ಮಂಟೇಸ್ವಾಮಿ ಹೇಳಿಕೊಟ್ಟಿದ್ದನಂತೆ, ಸ್ಪೀಕರ್ ಜೀವ ಇದೆಯೋ ಇಲ್ಲವೋ ನೋಡಬೇಕಾದರೆ ಗೋಡೆ ಗಡಿಯಾರದ ಸೆಲ್ಲಿಗೆ ಎರಡು ವೈರು ಮುಟ್ಟಿಸಿ ಸಾ, ಜೀವ ಇದ್ದರೆ ಟಪ್ಪಂತದೆ, ಕಾಗದ ಮುಂದಕ್ಕೆ ಕುಣೀತದೆ, ಇಲ್ದಿದ್ರೆ ಸುಮ್ಕಿರ್ತದೆ. ಗಡಿಯಾರ ತತ್ತಾ ಅಂದರು, ತಂದೆ. ಬಲಗಡೆಯದನ್ನು ಹಾಡಲು ಬಿಟ್ಟು, ಎಡಗಡೆ ಸೀಟಿನಲ್ಲಿ ಕೂತು ಎಡದ ಸ್ಪೀಕರನ್ನು ತೊಡೆಯ ಮೇಲೆ ನಿಲ್ಲಿಸಿಕೊಂಡರು, ಅದರ ಬೆನ್ನು ಇವರ ಕಡೆಗೆ, ಮುಖ ನನ್ನ ಕಡೆಗೆ, ಕಣ್ಣು ಕಿರಿದು ಮಾಡಿ ಬೆನ್ನಿನ ಎರಡು ಮೊಳೆಗೆ ವೈರು ಮುಟ್ಟಿಸಿದರು. ಟಪ್. ಕಾಗದ ಕುಣಿಯಿತು. ನನ್ನ ಕಣ್ಣೆದುರಿಗೇ. ಮತ್ತೆ ಮುಟ್ಟಿಸಿದರು, ಟಪ್, ಎಡಗಿವಿಯನ್ನು ಅದಕ್ಕೆ ತಾಗುವಷ್ಟು ಹತ್ತಿರ ತಂದು ಮತ್ತೆ ಮುಟ್ಟಿಸಿದರು, ಟಪ್, ಕಾಗದ ಕುಣಿಯಿತು, ಇವರು ತಲೆ ಎತ್ತಿ ನನ್ನನ್ನು ನೋಡಿ ಅಂದರು, ನೋಡ್ದಾ, ಸುಮ್ಕದೆ. ಹೊಸಾದೇ ಸತ್ತೋಗದೆ.

ನನ್ನ ಕೈಯಲ್ಲಿ ಸೆಲ್ಲಿಲ್ಲದ ಗಡಿಯಾರ.

ಒಳಗೆ ಕೂಸು ಎದ್ದಿದೆ, ಅಳುತ್ತಿದೆ, ತೊಟ್ಟಿಲು ಕಿಟಕಿಯ ಪಕ್ಕದಲ್ಲೇ ಇದೆ, ಶ್ವೇತ ಬಚ್ಚಲಲ್ಲಿ ಇರಬೇಕು, ಮಗ್ಗಲು ಮನೆಗೂ ಕೇಳುವಂಥ ಅಳು, ಕಿಟಕಿ ಇವರ ಎಡಗಡೆಗಿದೆ, ಇವರು ವೈರಿನ ತುದಿಯ ಸಿಪ್ಪೆಯನ್ನು ಹಲ್ಲಲ್ಲಿ ಸುಲಿಯುತ್ತಿದ್ದಾರೆ. ಸುಲಿಯುತ್ತಲೇ ಇದ್ದಾರೆ. ಕೂಸಿಗೆ ಸೊಳ್ಳೆ ಕಡಿದರೆ ತಾವು ಕೆರೆದುಕೊಳ್ಳುವ ಮನುಷ್ಯ. ಹೋಗಿ ಎತ್ತಿಕೊಂಡು ಬಂದೆ, ಕೂಸು ನನ್ನ ಭುಜದ ಮೇಲೆ ಬಿಕ್ಕುತ್ತಿದೆ, ಇವರ ಮುಂದೆ ಬಂದು ನಿಂತ ಮೇಲೆ ಕಂಡಿತು, ಹಾಡು ನಿಲ್ಲಿಸಿ, ಅರೆರೆ ಯಾಕ್ ಬಂಗಾರಿ, ಯಾವಾಗ್ ಎದ್ದೆ ನೀನು, ಅತ್ತೇ ಇಲ್ವಲ್ಲ ನಮ್ ಬಂಗಾರಿ ಅಂದರು. ಅತ್ತೇ ಇಲ್ವಲ್ಲ. ಈ ಕೂಸನ್ನು ನಾಳೆ ಆ ಕಾರಿನಲ್ಲಿ ಕೂರಿಸಬೇಕು, ಕಬ್ಬಿನ ಟ್ರ್ಯಾಕ್ಟರ್ ಓಡಾಡುವ ರಸ್ತೆ, ಮರಳು ಲಾರಿ, ಎಡಕ್ಕೆ ಎಳೆದರೆ ಯಾರು ಬರುತ್ತಿದ್ದಾರೋ, ಎಲ್ಲರೂ ಗದ್ದೆಗೆ ಇಳಿದು ಎಳನೀರು ಕುಡಿದು ಹೋಗುವವರಲ್ಲ.

ಮಿಲ್ಲು. ಬೇರೇನಿರುತ್ತದೆ, ಮಿಲ್ಲೇ. ನೂಲಿನ ಮಿಲ್ಲು, ಸ್ಪಿನ್ನಿಂಗ್ ಸೆಕ್ಷನ್ನು, ಮದುವೆಯಾದ ವರ್ಷದಿಂದ ಮೊನ್ನೆ ವಿಆರ್‌ಎಸ್ ಕೊಟ್ಟು ಕಳಿಸುವವರೆಗೆ. ಒಂದು ಸಲ ಆಯುಧಪೂಜೆಗೆ ಹೆಂಗಸರನ್ನು ಒಳಗೆ ಬಿಟ್ಟಿದ್ದರು, ತೋರಿಸುವುದಕ್ಕೆ ಅಂತ ಸ್ವಲ್ಪ ಹೊತ್ತು ಓಡಿಸಿದರು, ನನಗೆ ತಲೆಯ ಒಳಗೆ ಕಲ್ಲು ಸುರಿದ ಹಾಗಾಗಿ ಕಿವಿ ಮುಚ್ಚಿಕೊಂಡೆ, ಇವರು ನನ್ನ ನೋಡಿ ನಗುತ್ತಿದ್ದರು. ಅಲ್ಲಿ ಯಾರೂ ಕಿವಿಯಿಂದ ಮಾತು ಕೇಳುವುದಿಲ್ಲ, ಬಾಯಿ ನೋಡಿ ತಿಳಿದುಕೊಳ್ಳುತ್ತಾರೆ, ಆ ತುದಿಯಿಂದ ಒಬ್ಬ ಬಾಯಿ ಆಡಿಸಿದರೆ ಈ ತುದಿಯಲ್ಲಿ ಇನ್ನೊಬ್ಬನಿಗೆ ಗೊತ್ತಾಗುತ್ತಿತ್ತು, ಟೀ ಬಂತು, ಸೂಪರ್‌ವೈಜರ್ ಬಂದ, ನೂಲು ತುಂಡಾಯಿತು, ಎಲ್ಲ ಬಾಯಲ್ಲೇ, ಸದ್ದಿಲ್ಲದೆ. ಬಾಯಿ ನೋಡಿ. ಅಯ್ಯೋ ಶಿವನೇ. ಮನೆಯಲ್ಲೂ ಹಾಗೇ ಅಲ್ಲವಾ. ಹಿಂದಿನ ಬೀದಿ ಮಾದಮ್ಮ ರವಿಕೆ ಹೊಲಿಸಲು ಬಂದಾಗೆಲ್ಲ ಹೇಳುತ್ತಿದ್ದಳು, ನಿಂಗೇನಮ್ಮ, ನಿನ್ ಗಂಡ ನೀನು ಮಾತಾಡುದ್ರೆ ಪೇಪರ್ ಕೆಳಗಿಟ್ಟು ಮುಖ ನೋಡ್ತಾನೆ, ನಮ್ಮನೇದು ದನದ ಕಡೆ ತಿರುಗ್ಕೊಂಡು ಊಂ ಅಂತದೆ. ನಾನು ಹಿಗ್ಗುತ್ತಿದ್ದೆ. ಸೂಜಿಗೆ ದಾರ ಪೋಣಿಸುತ್ತ ಒಳಗೊಳಗೇ ಹಿಗ್ಗುತ್ತಿದ್ದೆ. ಬಾಯಿ ನೋಡುತ್ತಿದ್ದರು.

ಹೇಳುವುದು ಹೇಗೆ. ಪುಟ್ಟಬಸವಯ್ಯ ಅಂತ ಇದ್ದರು ಇವರದೇ ಸೆಕ್ಷನ್ನಿನಲ್ಲಿ, ಮೊದಲು ಕಿವಿ ಹೋದದ್ದು ಅವರದು, ಪಾಪ, ಮದುವೆ ಮನೆಯಲ್ಲಿ ಊಟ ಆಯ್ತಾ ಅಂದರೆ ಎರಡು ಗಂಡು ಒಂದು ಹೆಣ್ಣು ಅಂದುಬಿಟ್ಟರು, ಪಂಕ್ತಿಯೆಲ್ಲ ನಕ್ಕಿತು, ಎಲ್ಲರಿಗಿಂತ ಜೋರಾಗಿ ನಕ್ಕವರು ಇವರು, ವರ್ಷಗಟ್ಟಲೆ ಅದನ್ನೇ ಹೇಳಿ ನಗಿಸುತ್ತಿದ್ದರು, ಕಿವುಡ್ ಬಸ್ಯ ಕಿವುಡ್ ಬಸ್ಯ ಅಂತ. ಪುಟ್ಟಬಸವಯ್ಯ ಆಮೇಲೆ ಮದುವೆಗಳಿಗೆ ಬರುವುದನ್ನೇ ಬಿಟ್ಟರು. ಇವರಿಗೆ ಅದು ಗೊತ್ತಿದೆ. ಅದಕ್ಕೇ ಹೇಳುವುದು ಕಷ್ಟ. ಸುಳ್ಳು ಹೇಳೋಣವೇ, ಕೂಸಿಗೆ ಮೈ ಬೆಚ್ಚಗಿದೆ ಅಂತ, ನಾಳೆ ಬೇಡ ಅಂತ — ನಾಳೆ ತಪ್ಪಿಸಬಹುದು, ನಾಡಿದ್ದು. ಮಂಗಳವಾರ ಹೆಣ್ಣುಮಕ್ಕಳನ್ನು ಕಳಿಸುವುದಿಲ್ಲ, ಬುಧವಾರ ಬರುತ್ತದೆ, ಬುಧವಾರ ಏನು ಹೇಳಲಿ. ಕೀಲಿ ಬಚ್ಚಿಡಲೇ, ಮನೆಯೆಲ್ಲ ಮಗುಚಿ ಹಾಕುತ್ತಾರೆ. ನಾನು ಪಕ್ಕದಲ್ಲಿ ಕೂತು ಹೇಳುತ್ತ ಹೋಗಲೇ, ರೀ ಎಡಗಡೆ ಸ್ಕೂಟರು, ರೀ ಎಡಗಡೆ ಬಸ್ಸು ಅಂತ — ಎಲ್ಲಿ ಕೂತು ಹೇಳುವುದು. ಎಡಗಡೆ ಸೀಟಿನಲ್ಲಿ ಕೂತು. ಎಡಗಿವಿಗೆ.

ಇವರ ಎಡಗಡೆಗೆ ಹೋಗಿ ನಿಂತೆ. ಪರೀಕ್ಷೆ ಮಾಡುವುದು ಪಾಪ ಅನ್ನಿಸಿತು, ಆದರೂ ಮಾಡಿದೆ, ಕೂಸು ಭುಜದ ಮೇಲೆ ಸುಮ್ಮನಾಗಿದೆ. ಮೆಲ್ಲಗೆ ಅಂದೆ, ರೀ, ನಾಳೆ ಕಾರು ಬೇಡ. ವೈರಿಗೆ ಟೇಪು ಸುತ್ತುತ್ತಿದ್ದಾರೆ. ಸ್ವಲ್ಪ ಜೋರಾಗಿ, ರೀ, ನಾಳೆ ಕಾರು ಬೇಡ ಕಣ್ರೀ. ಟೇಪನ್ನು ಹಲ್ಲಲ್ಲಿ ಕಚ್ಚಿ ಹರಿದರು. ಕಾರನ್ನು ಸುತ್ತಿಕೊಂಡು ಆ ಕಡೆಗೆ ಹೋದೆ, ಡ್ರೈವರ್ ಬಾಗಿಲಿನಿಂದ ಬಗ್ಗಿ ಬಲಗಿವಿಗೆ, ಮೊದಲಿನಷ್ಟೇ ಮೆಲ್ಲಗೆ, ನಾಳೆ ಕಾರು ಬೇಡ ರೀ. ತಟ್ಟನೆ ತಿರುಗಿದರು. ಯಾಕೆ. ಕಾರು ಯಾಕ್ ಬ್ಯಾಡ. ಬಾಗ್ಲು ಬಿಚ್ಚಾಕವ್ನೆ ಅಂತ ಎದುರ್ಕೊಂಡ್ಯಾ, ಸಂಜೆ ಒಳಗೆ ಹೊಸ ಕಾರಂಗೆ ಮಾಡ್ಬುಡ್ತೀನಿ ನೋಡ್ತಿರು. ನಗುತ್ತಿದ್ದಾರೆ. ಏನ್ ಹೇಳಿದರೂ ತಪ್ಪಾಗುತ್ತದೆ, ಕಿವಿ ಅನ್ನುವ ಮಾತೇ ನನ್ನ ಬಾಯಿಗೆ ಬರುವುದಿಲ್ಲ, ಆ ಪಂಕ್ತಿ, ಆ ನಗು, ಪುಟ್ಟಬಸವಯ್ಯ ಎಲೆ ನೋಡಿಕೊಂಡು ಕೂತದ್ದು.

ಕೂಸನ್ನು ಬಚ್ಚಲಿಂದ ಬಂದ ಶ್ವೇತಳ ಕೈಗೆ ಕೊಟ್ಟೆ. ಏನಮ್ಮ, ಮುಖ ಯಾಕೆ ಹಂಗಿದೆ ಅಂದಳು. ಬಿಸಿಲು ಅಂದೆ. ವಾಪಸು ಬಂದು ಇವರ ಮುಂದೆ ನೆಲದ ಮೇಲೆ ಕೂತೆ, ಆ ಸ್ಪೀಕರ್ ತಗೊಂಡೆ, ಈ ಸಲ ಅದರ ಮುಖವನ್ನು ಇವರ ಕಡೆಗೆ ತಿರುಗಿಸಿದೆ, ಕಾಗದದ ಬಟ್ಟಲು ಇವರ ಕಣ್ಣಿಗೆ ಕಾಣುವ ಹಾಗೆ, ಇಲ್ನೋಡಿ ಅಂತ ಕೈಸನ್ನೆ ಮಾಡಿ ಸೆಲ್ಲಿಗೆ ವೈರು ಮುಟ್ಟಿಸಿದೆ. ಕಾಗದ ಕುಣಿಯಿತು. ನೋಡಿದರು. ಇನ್ನೊಂದ್ಸಲ ಮಾಡು ಅಂದರು. ಮಾಡಿದೆ. ಕುಣಿಯಿತು. ಕೈ ಚಾಚಿ ಕಾಗದದ ಮೇಲೆ ಎರಡು ಬೆರಳಿಟ್ಟರು, ಮಾಡು ಅಂದರು, ಮಾಡಿದೆ, ಬೆರಳಿಗೆ ತಾಗಿರಬೇಕು, ಹಿಂದಕ್ಕೆ ಎಳೆದುಕೊಂಡರು, ಬಿಸಿ ತಾಗಿದವರ ಹಾಗೆ. ಸದ್ದು ಬತ್ತದಾ ಅಂದರು. ಬತ್ತದೆ ಅಂದೆ. ನಿಂಗ್ ಕೇಳ್ತದಾ. ಕೇಳ್ತದೆ. ಆಗ್ಲಿಂದಾನೂ ಕೇಳ್ತಿತ್ತಾ. ನಾನು ತಲೆ ಆಡಿಸಿದೆ. ಬೀದಿ ತುದಿಯಲ್ಲಿ ಚಾಮರಾಜನಗರದ ಬಸ್ಸು ಹೋಯಿತು, ಅದು ಇವರಿಗೆ ಕೇಳಿಸಿತೋ ಇಲ್ಲವೋ, ಇನ್ನು ಮೇಲೆ ಪ್ರತಿ ಸದ್ದಿಗೂ ನನಗೆ ಈ ಯೋಚನೆ ಬರುತ್ತದೆ ಅಂತ ಆಗಲೇ ತಿಳಿಯಿತು. ಇವರು ಬಯ್ಯುತ್ತಾರೆ, ಎದ್ದು ಹೋಗುತ್ತಾರೆ, ಸ್ಪೀಕರ್ ಎತ್ತಿ ಎಸೆಯುತ್ತಾರೆ ಅಂತ ಕಾದೆ. ಏನೂ ಮಾಡಲಿಲ್ಲ. ಬೆರಳಿಗೆ ಅಂಟಿದ ಟೇಪನ್ನು ಬಿಡಿಸುತ್ತ ಅಂದರು, ನಂಗೂ ಒಂದೊಂದ್ ಸಲ ಅನುಮಾನ ಬರ್ತಿತ್ತು. ಸ್ಪೀಕರೇ ಇರ್ಬೋದು ಅಂದ್ಕೊಂಡೆ ಕಣೇ.

ಸಾವಿರದ ಇನ್ನೂರು ಕೊಟ್ಟು ಈ ಮನುಷ್ಯ ಕೊಂಡುಕೊಳ್ಳುವುದಕ್ಕೆ ಹೋದದ್ದು ಸ್ಪೀಕರಲ್ಲ, ಸ್ಪೀಕರೇ ಕೆಟ್ಟಿರಲಿ ಅನ್ನುವ ಆಸೆ. ಮೈಸೂರಲ್ಲಿ ಡಾಕ್ಟ್ರಿಗೆ ತೋರಿಸೋಣ ಅಂದೆ. ಊಂ, ನೋಡಾಣ ಅಂದರು. ಒಳಗೆ ಹೋಗಿ ಫೋನು ತಿರುಗಿಸಿದರು, ರಿಸೀವರನ್ನು ಬಲಗಿವಿಗೇ ಒತ್ತಿಕೊಂಡರು, ಯಾವಾಗಲೂ ಅದಕ್ಕೇ ಹಿಡಿಯುತ್ತಿದ್ದರಾ, ನಾನು ಯಾಕೆ ನೋಡಲಿಲ್ಲ. ಏನಪ್ಪಾ ರುದ್ರೇಶ, ಆ, ಎಲ್ಲ ಚೆನ್ನಾಗವ್ರೆ, ನಾಳೆ ಮೊದಲ್ನೇ ಬಸ್ಸಿಗೆ ನೀನೇ ಬಂದ್ಬುಡು, ನಮ್ ಕಾರ್ ನೀನೇ ಓಡ್ಸು, ನಂಗೆ ಸೊಂಟ ಇಡ್ಕೊಂಬುಟ್ಟದೆ, ಬಗ್ಗಿ ಸ್ಪೀಕರ್ ಹಾಕ್ತಿದ್ನಲ್ಲ ಅದಕ್ಕೇ. ಶ್ವೇತ, ಅಪ್ಪಾ ಎಣ್ಣೆ ಹಚ್ಚಲಾ ಅಂತ ಎದ್ದಳು. ಹಚ್ಚು ಅಂದೆ ನಾನೇ. ಸೊಂಟ ಇರಲಿ. ಕಿವಿಯ ಮಾತು ಅಳಿಯನಿಗೆ ಇವರು ಹೇಳುವ ದಿನ ಹೇಳಿಕೊಳ್ಳಲಿ, ನಾನು ಅವಸರ ಮಾಡುವುದಿಲ್ಲ. ಮೊಮ್ಮಗಳು ಕ್ಷೇಮವಾಗಿ ಹೋಗುತ್ತಾಳಲ್ಲ, ಅಷ್ಟು ಸಾಕು, ನಾಳೆಯ ಭಯ ಹೋಯಿತಲ್ಲ — ಹೋಯಿತು, ಆದರೂ ಇನ್ನೊಂದೇನೋ ಉಳಿದ ಹಾಗಿದೆ.

ಮತ್ತೆ ಬಿಸಿಲಿಗೆ ಬಂದು ಎರಡನ್ನೂ ಕೂರಿಸಿದರು. ನಾನು ಬಾಗಿಲ ಹಲಗೆ ಒತ್ತಿ ಹಿಡಿದೆ, ಕ್ಲಿಪ್ಪುಗಳು ಒಂದೊಂದೇ ಕಚ್ಚಿಕೊಂಡವು. ಹಾಡು ಹಾಕಿ, ಹೆಂಗದೆ ಅಂದರು, ಚೆನ್ನಾಗದೆ, ತಂಬೂರಿ ಎದೆಗೆ ಬಡೀತದೆ ಅಂದೆ, ಬಡೀಲಿ ಅಂದರು. ಆಮೇಲೆ ಅಂದರು, ನಾಳೆ ನಾನು ನಿನ್ ಸೀಟಲ್ಲಿ ಕೂತ್ಕತೀನಿ, ನೀನು ಇಂದೆ ಶ್ವೇತನ ಜೊತೆ ಕೂತ್ಕೊ. ಹೂಂ ಅಂದೆ. ಮನಸ್ಸಿನಲ್ಲೇ ಸೀಟುಗಳನ್ನು ಜೋಡಿಸಿ ನೋಡಿದೆ, ಬಟ್ಟೆ ಕತ್ತರಿಸುವ ಮುಂಚೆ ಹಾಸಿ ನೋಡುವ ಹಾಗೆ, ಎಡಗಡೆ ಸೀಟಿನಲ್ಲಿ ಇವರು ಕೂತರೆ ಕೆಟ್ಟ ಕಿವಿ ಕಿಟಕಿಗೆ, ಒಳ್ಳೆ ಕಿವಿ ನಮ್ಮ ಕಡೆಗೆ, ನಾಳೆ ಇವರಿಗೆ ಕಾರಿನಲ್ಲಿ ಆಡಿದ ಮಾತೆಲ್ಲ ಕೇಳುತ್ತದೆ, ಕೂಸಿನ ಕೇಕೆ ಕೇಳುತ್ತದೆ, ಒಳ್ಳೆಯದೇ ಆಯಿತು — ಕೇಳುತ್ತದೆ, ನಾಳೆ ಕೇಳುತ್ತದೆ, ಹಾಗಾದರೆ ಇಷ್ಟು ದಿನ.

ಇಷ್ಟು ದಿನ ನಾನು ಕೂತದ್ದು ಆ ಸೀಟಿನಲ್ಲಿ. ಕಾರು ಬಂದಾಗಿನಿಂದ. ಇವರಿಗೆ ಅನುಮಾನ ಬಂದದ್ದು ದೀಪಾವಳಿಗೆ, ಕಿವಿ ಮಂದವಾದದ್ದು ಯಾವತ್ತಿನಿಂದಲೋ. ಮನೆಯಲ್ಲಿ ನಾನೊಂದು ಅಂದರೆ ತಾವೊಂದು ಅನ್ನುವ ಇವರು ಕಾರಿನಲ್ಲಿ ಮಾತ್ರ ಎದುರಾಡುತ್ತಿರಲಿಲ್ಲ, ರಸ್ತೆ ನೋಡುತ್ತ ಹೂಂ ಅನ್ನುತ್ತಿದ್ದರು, ನಾನು ಹೇಳಿದ್ದಕ್ಕೆಲ್ಲ ಹೂಂ, ಕಾರಲ್ಲಿ ಕೂತರೆ ಮನುಷ್ಯ ಮೆತ್ತಗಾಗುತ್ತಾನೆ ಅಂದುಕೊಂಡಿದ್ದೆ, ಮನೆಯಲ್ಲಿ ಹೇಳಲಾಗದ್ದನ್ನು ಕಾರಿಗೆ ಎತ್ತಿಟ್ಟುಕೊಳ್ಳುತ್ತಿದ್ದೆ. ಶ್ವೇತಳ ಮದುವೆ ಮುಗಿಸಿ, ಅವಳನ್ನು ಟಿ. ನರಸೀಪುರದಲ್ಲಿ ಬಿಟ್ಟು ಇಬ್ಬರೇ ವಾಪಸು ಬರುತ್ತಿದ್ದ ಸಂಜೆ, ಹೊಳೆಯ ಮೇಲೆ ಕೆಂಪು ಬಿದ್ದಿತ್ತು, ಆವತ್ತು ಹೇಳಿದೆ. ಶ್ವೇತ ಇನ್ನೂ ಅಂಗಳದಲ್ಲಿ ಅಂಬೆಗಾಲಿಡುತ್ತಿದ್ದಾಗ ಏಳು ತಿಂಗಳಿಗೇ ನನಗೆ ನೋವು ಬಂದದ್ದು, ಅಕ್ಕಪಕ್ಕದವರು ಮಿಲ್ಲಿನ ಗೇಟಿಗೆ ಓಡಿದ್ದು, ಒಳಗೆ ಹೇಳಿ ಕಳಿಸಿದೆವು ಅಂತ ಅವರು, ನನಗ್ಯಾರೂ ಹೇಳಲಿಲ್ಲ ಅಂತ ಇವರು, ಶಿಫ್ಟು ಮುಗಿದ ಮೇಲೇ ಬಂದದ್ದು, ಅಷ್ಟರಲ್ಲಿ ಗಂಡು ಕೂಸು ಹುಟ್ಟಿ, ಸತ್ತೂ ಹೋಗಿತ್ತು. ಇವರು ಬೇಕಂತಲೇ ಬರಲಿಲ್ಲ ಅಂತ ಇಷ್ಟು ವರ್ಷ ಒಳಗಿಟ್ಟುಕೊಂಡು ಬದುಕಿದ್ದೆ, ಅನ್ನ ಬಡಿಸಿದ್ದೆ, ಒಂದು ದಿನವೂ ಬಾಯಿಬಿಟ್ಟಿರಲಿಲ್ಲ. ಆ ಸಂಜೆ ಅಂದೆ, ರೀ, ಆವತ್ತು ನೀವು ಬರಲಿಲ್ಲ ಅನ್ನೋ ಸಿಟ್ಟು ನನ್ನಲ್ಲಿತ್ತು, ಇವತ್ತಿಗೆ ಬಿಟ್ಟೆ, ಆ ಸದ್ದಲ್ಲಿ ನಿಮಗೆ ಕೇಳಿಸಿರಲಿಕ್ಕಿಲ್ಲ, ನಿಮ್ಮ ತಪ್ಪಲ್ಲ. ಹೇಳಿ ಮುಗಿಸಿ ಇವರ ಕಡೆ ನೋಡಿದೆ. ಮುಖ ರಸ್ತೆಗಿತ್ತು. ನನಗೆ ಕಂಡದ್ದು ಕಿವಿ, ಚಿಕ್ಕಂದಿನಲ್ಲಿ ಒಂಟಿ ಹಾಕಲು ಚುಚ್ಚಿಸಿ ಮುಚ್ಚಿಹೋದ ತೂತು, ಅಂಚಿನಲ್ಲಿ ನಾಲ್ಕು ಬಿಳಿ ಕೂದಲು, ಸಂಜೆ ಬೆಳಕು ಅದರ ಮೇಲೆ ಬಿದ್ದು ತೆಳ್ಳಗೆ ಕೆಂಪಾಗಿತ್ತು. ಹೂಂ ಅಂದರು. ಗೇರು ಬದಲಿಸಿದರು. ಗಂಟಲು ಕಟ್ಟಿದೆ, ಅದಕ್ಕೇ ಹೆಚ್ಚು ಮಾತಿಲ್ಲ ಅಂದುಕೊಂಡೆ. ಆವತ್ತು ರಾತ್ರಿ ನಿದ್ದೆ ಬಂತು ನನಗೆ, ಒಳ್ಳೆ ನಿದ್ದೆ, ಅವತ್ತಿಂದ ಇವತ್ತಿನ ತನಕ ಹಗುರವಾಗಿದ್ದೆ, ಇವರಿಗೆ ಗೊತ್ತು, ಇವರು ಒಪ್ಪಿಕೊಂಡರು, ಮುಗೀತು ಅಂತ.

ಇನ್ನೊಂದು ಸಲ ಹೇಳಬಹುದು. ಬಲಗಡೆಗೆ ಹೋಗಿ, ಎದುರಿಗೆ ನಿಂತು, ಬಾಯಿ ಕಾಣುವ ಹಾಗೆ. ಹೇಳಬಹುದು ಅಂತ ಗೊತ್ತು. ಆದರೆ ಅದನ್ನು ಹೇಳುವಷ್ಟು ಧೈರ್ಯ ಕೂಡಿಸಿಕೊಳ್ಳುವುದಕ್ಕೆ ನನಗೆ ಇಪ್ಪತ್ತು ವರ್ಷ ಹಿಡಿದಿತ್ತು, ಈಗ ಇವರ ಕಿವಿ ಹೋದದ್ದು ಗೊತ್ತಾದ ದಿನವೇ ಸತ್ತ ಕೂಸಿನ ಮಾತು ಹೇಗೆ ಎತ್ತಲಿ, ಎತ್ತಿದರೆ ಆವತ್ತೂ ನಿಮಗೆ ಕೇಳಲಿಲ್ಲ ಇವತ್ತೂ ಕೇಳುವುದಿಲ್ಲ ಅಂದ ಹಾಗಾಗುತ್ತದೆ. ಇವರು ಕಾರಿಗೆ ಬಟ್ಟೆ ಹಾಕಿ ಒರೆಸುತ್ತಿದ್ದಾರೆ, ನನಗೆ ಬೆನ್ನು ಮಾಡಿ, ಅರ್ಧ ತಿರುಗಿ. ಸ್ಪೀಕರ್ ಎರಡೂ ಚೆನ್ನಾಗಿವೆ. ಕೂಸು ನಾಳೆ ಕ್ಷೇಮವಾಗಿ ಊರು ಸೇರುತ್ತದೆ. ನಾನು ಕೊಟ್ಟ ಕ್ಷಮೆ ಇವರನ್ನು ಮುಟ್ಟಲೇ ಇಲ್ಲ, ಹೊಳೆಯ ರಸ್ತೆಯಲ್ಲೇ ಬಿದ್ದುಹೋಯಿತು. ಹೂಂ ಅಂದಿದ್ದರು. ತೂತು ಮುಚ್ಚಿದ ಆ ಕಿವಿ, ಬೆಳಕು ಬಿದ್ದು ಕೆಂಪಾದ ಆ ಕಿವಿ, ಆ ಎಡಗಿವಿ.